ಕಾವೇರಮ್ಮನ ಎಡಗೈ

ಮದ್ದೂರು
ಭಾನುವಾರ, 16 ಫೆಬ್ರವರಿ 2025

ಪ್ರೀತಿಯ ಕವಿತ,

ನೀನು ಫೋನು ತೆಗೆಯುತ್ತಿಲ್ಲ, ಮೆಸೇಜು ನೋಡಿಯೂ ನೋಡದ ಹಾಗೆ ಇದ್ದೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪೋಸ್ಟಿಗೆ ಹಾಕಿದರೆ ನಿಮ್ಮ ಮಾವನವರ ಕೈಗೆ ಸಿಕ್ಕೀತು ಅಂತ ನಿನ್ನ ತಂಗಿ ರಂಜಿತಳ ಕೈಲಿ ಕೊಟ್ಟು ಕಳಿಸುತ್ತೇನೆ. ಹರಿದು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಓದಿ ಹಾಕು.

ಗಗನ ಹೇಗಿದ್ದಾಳೆ ಅಂತ ಕೇಳುವ ಮುಖ ನನಗಿಲ್ಲ. ಮಗುವಿನ ಎಡಗೈಗೆ ಕೆಂಪು ಬಟ್ಟೆಯ ಚೀಲ ಕಟ್ಟಿದ್ದಾರೆ, ಅದು ಗಿಲಕಿಗೆ ಕೈ ಚಾಚಿದಾಗಲೆಲ್ಲ ಚೀಲವನ್ನೇ ಬಾಯಿಗೆ ಹಾಕಿಕೊಂಡು ಅಳುತ್ತದೆ ಅಂತ ರಂಜಿತ ಹೇಳಿದಳು. ಆ ಚೀಲ ಕಟ್ಟಿದ್ದು ನಿಮ್ಮತ್ತೆ ಇರಬಹುದು, ಹೊಲಿದುಕೊಟ್ಟವಳು ನಾನು. ನಿಮ್ಮತ್ತೆಯ ಕೆಮ್ಮಿನ ವಿಚಾರವೂ ಒಂದಿದೆ, ಅದನ್ನು ಆಮೇಲೆ ಬರೆಯುತ್ತೇನೆ.

ಮೊದಲಿನಿಂದಲೇ ಹೇಳುತ್ತೇನೆ, ನಿನಗೆ ಗೊತ್ತಿರುವುದನ್ನೂ ಸೇರಿಸಿ. ಇಲ್ಲದಿದ್ದರೆ ಮಧ್ಯದಲ್ಲಿ ಎಲ್ಲಾದರೂ ತಪ್ಪಿಸಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ನೀನು ಏಳು ತಿಂಗಳ ಬಸುರಿಯಾಗಿದ್ದಾಗ ನಿಮ್ಮ ಮಾವ ನಿಂಗಯ್ಯನವರು ನನ್ನ ಪ್ರಿಂಟಿಂಗ್ ಅಂಗಡಿಗೆ ಬಂದಿದ್ದರು. ಮೊಮ್ಮಗು ಹುಟ್ಟಿದ ತಕ್ಷಣ ಮಳವಳ್ಳಿ ಸರ್ಕಲ್ಲಿನಲ್ಲಿ ಫ್ಲೆಕ್ಸ್ ನಿಲ್ಲಬೇಕು, ಬಂಡೂರಿನಿಂದ ಬರುವ ಬಸ್ಸಿನವರಿಗೆಲ್ಲ ಕಾಣಬೇಕು ಅಂತ. ಅಷ್ಟರಲ್ಲಿ ನಿನ್ನ ಫೋನು ಬಂತು. ನನ್ನ ಮಗುವಿನ ಮೂತಿಯನ್ನು ರೋಡಿನಲ್ಲಿ ನಿಲ್ಲಿಸಬೇಡ, ಪಕ್ಕದಲ್ಲಿ ಊರಿನ ಪುಡಾರಿಗಳೆಲ್ಲ ಕೈಮುಗಿದುಕೊಂಡು ನಿಂತಿರುತ್ತಾರೆ, ಏನಾದರೂ ಮಾಡಿ ತಪ್ಪಿಸು ಅಂದೆ. ಆಗ ನನಗೆ ಮೈಸೂರಿನ ಆರ್ಟ್ ಕಾಲೇಜಿನ ಲೈಬ್ರರಿಯಲ್ಲಿದ್ದ, ಫ್ರಾನ್ಸಿನ ಹಳೆಯ ಅಚ್ಚುಚಿತ್ರಗಳ ದಪ್ಪ ಪುಸ್ತಕ ನೆನಪಾಯಿತು.

ಫ್ರಾನ್ಸಿನ ರಾಜರ ಮನೆಯಲ್ಲಿ ಮಗು ಹುಟ್ಟಿದರೆ ಅಲ್ಲಿಯ ಅಚ್ಚಿನವರಿಗೆ ಹಬ್ಬ. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಮಸಿ ತುಂಬಿ, ಕಾಗದದ ಮೇಲೆ ಒತ್ತಿ, ಬೀದಿಯಲ್ಲಿ ಮಾರುತ್ತಿದ್ದರು. ಅವುಗಳಲ್ಲಿ ಮಗು ಹೇಗಿದೆ ಅನ್ನುವುದು ಮುಖ್ಯವೇ ಅಲ್ಲ. ಫ್ರಾನ್ಸ್ ದೇಶವೇ ಒಬ್ಬ ಹೆಂಗಸಾಗಿ ಮಂಡಿಯೂರಿ ಮಗುವನ್ನು ಎತ್ತಿಕೊಳ್ಳುತ್ತಾಳೆ. ಮೋಡದ ಮೇಲಿಂದ ದೇವತೆಗಳು ಮಗುವನ್ನು ಇಳಿಸಿಕೊಡುತ್ತಾರೆ. ಕೀರ್ತಿ ಅನ್ನುವ ದೇವತೆ ರೆಕ್ಕೆ ಕಟ್ಟಿಕೊಂಡು ತುತ್ತೂರಿ ಊದುತ್ತಾಳೆ. ಅವರ ಊರಿನ ನದಿ ಗಡ್ಡದ ಮುದುಕನಾಗಿ ಕೊಡಕ್ಕೆ ಒರಗಿ ಕೂತಿರುತ್ತದೆ. ಪಟ್ಟಕ್ಕೆ ಬರುವ ಗಂಡುಮಗುವಿಗೆ ಅವರು ಡಾಲ್ಫಿನ್ ಮೀನಿನ ಹೆಸರನ್ನೇ ಇಟ್ಟಿದ್ದರು, ಅದಕ್ಕೇ ಮೂಲೆಯಲ್ಲಿ ಒಂದು ಡಾಲ್ಫಿನ್ನೂ ಇರುತ್ತಿತ್ತು. ಗಂಡೇ ಹುಟ್ಟುತ್ತದೆ ಅಂತ ಮೊದಲೇ ತಗಡು ಕೊರೆದಿಟ್ಟುಕೊಂಡು ಕಾಯುತ್ತಿದ್ದವರೂ ಇದ್ದರಂತೆ. ಹೆಣ್ಣಾದರೆ ಕೆರೆದು ತಿದ್ದುವುದು.

ಇದನ್ನೆಲ್ಲ ನಿಮ್ಮ ಮಾವನವರಿಗೆ ಹೇಳಿದೆ. ಫ್ಲೆಕ್ಸ್ ಬಿಸಿಲಿಗೆ ಬೆಳ್ಳಗಾಗಿ ಆಮೇಲೆ ಕೊಟ್ಟಿಗೆಗೆ ಹೊದಿಸುವುದಕ್ಕೆ ಆಗುತ್ತೆ, ಇದಾದರೆ ಗೋಡೆಯ ಮೇಲೆ ಮೂರು ತಲೆಮಾರು ಇರುತ್ತೆ ಅಂದೆ. ಅವರಿಗೆ ರಾಜರು ಅನ್ನುವ ಮಾತು ಹಿಡಿಸಿತು. ಫ್ರಾನ್ಸಿನ ದೇಶಮಾತೆಯ ಜಾಗದಲ್ಲಿ ನಮ್ಮ ಭೂಮಿತಾಯಿ ಮಡಿಲೊಡ್ಡಿ ಕೂತಳು, ಮಗುವನ್ನು ಕೊಡುವವಳು ಕಾವೇರಮ್ಮ ಆದಳು. ತುತ್ತೂರಿಯ ಬದಲು ತಮಟೆ, ಅವರ ರಾಜಮನೆತನದ ಗುರುತಾದ ಲಿಲ್ಲಿ ಹೂವಿನ ಬದಲು ಕಬ್ಬು, ರಾಗಿ ತೆನೆ. ಡಾಲ್ಫಿನ್ ಜಾಗಕ್ಕೆ ನಿಮ್ಮ ಕೊಟ್ಟಿಗೆಯ ಬಂಡೂರು ಟಗರು. ಕರಡು ತೋರಿಸಿದಾಗ ನಿಮ್ಮ ಮಾವ ಬಹಳ ಹೊತ್ತು ನೋಡಿ, "ಟಗರು ಅದೆ, ಕಬ್ಬು ಅದೆ, ನಾನೆಲ್ಲವ್ನೆ ಇದ್ರಲ್ಲಿ?" ಅಂದರು. ಕೊಡಕ್ಕೆ ಒರಗಿದ ಮುದುಕನಿಗೆ ಅವರ ಮೀಸೆ ಹಚ್ಚಿದೆ. ಖುಷಿಯಾಗಿ ಹೋದರು. ಆಮೇಲೆ ಹೆಣ್ಣು ಹುಟ್ಟಿತು ಅಂತ ಗೊತ್ತಾದಾಗ ಒಂದು ಗೆರೆಯನ್ನೂ ಕಮ್ಮಿ ಮಾಡಬೇಡ, ಟಗರಿಗೆ ಬೇಕಾದರೆ ಇನ್ನೊಂದು ಗಂಟೆ ಕಟ್ಟು ಅಂದರು. ಆ ಮಟ್ಟಿಗೆ ನಿಮ್ಮ ಮಾವ ಫ್ರಾನ್ಸಿನ ರಾಜರಿಗಿಂತ ಮೇಲು.

ಕಾವೇರಮ್ಮನಿಗೆ ನಿನ್ನ ಮುಖ ಇರಬೇಕು ಅಂತ ಹಟ ಹಿಡಿದವಳು ನಾನೇ. ನೀನು ಬೀರುವಿನ ಕನ್ನಡಿಯ ಮುಂದೆ ನಿಂತು, ಒಂದು ಕೈಲಿ ಫೋನು ಹಿಡಿದು, ಇನ್ನೊಂದು ಕೈಲಿ ದಿಂಬನ್ನು ಮಗುವಿನ ಹಾಗೆ ಮುಂದೆ ಚಾಚಿ ಫೋಟೊ ತೆಗೆದು ಕಳಿಸಿದೆ. ದಿಂಬು ಹಿಡಿದದ್ದು ಎಡಗೈಲಿ. ಕನ್ನಡಿಯಲ್ಲಿ ಅದು ಬಲಗೈ ಥರ ಕಾಣುತ್ತಿತ್ತು. ಇಲ್ಲೇ ತಪ್ಪಾಯಿತು. ಅಚ್ಚಿನ ಕೆಲಸದಲ್ಲಿ ಎಲ್ಲವೂ ತಿರುಗುಮುರುಗು. ಲಿನೋ ಅನ್ನುವ ಮೆತ್ತನೆಯ ಹಲಗೆಯ ಮೇಲೆ ಎಡಕ್ಕೆ ಕೊರೆದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ, ಬಲಕ್ಕೆ ಕೊರೆದದ್ದು ಎಡಕ್ಕೆ. ಅದಕ್ಕೇ ಚಿತ್ರವನ್ನು ಮೊದಲು ಉಲ್ಟಾ ಮಾಡಿಕೊಂಡು ಆಮೇಲೆ ಕೊರೆಯಬೇಕು. ನಾನು ನಿನ್ನ ಫೋಟೊ ನೋಡಿಕೊಂಡು ಇದ್ದ ಹಾಗೇ ಕೊರೆದೆ. ಕನ್ನಡಿಯಲ್ಲಿ ಬಲಗೈಯಾಗಿ ಕಂಡಿದ್ದ ನಿನ್ನ ಎಡಗೈ ಅಚ್ಚಿನಲ್ಲಿ ಮತ್ತೆ ಎಡಗೈಯಾಗಿ ಎದ್ದು ಕೂತಿತು.

ಇದು ಮೊದಲನೇ ವರ್ಷದ ಹುಡುಗರು ಮಾಡುವ ತಪ್ಪು. ಆ ಪುಸ್ತಕದಲ್ಲೇ ಒಂದು ಚಿತ್ರವಿತ್ತು, ಅದರಲ್ಲಿ ತೊಟ್ಟಿಲ ಕಾವಲಿಗೆ ನಿಂತ ಸಿಪಾಯಿ ಕತ್ತಿಯನ್ನು ಎಡಗೈಲಿ ಹಿಡಿದಿದ್ದ. ನಮ್ಮ ಮೇಷ್ಟ್ರು ಅದನ್ನು ತೋರಿಸಿ, ಕೊರೆದವನು ಉಲ್ಟಾ ಮಾಡುವುದು ಮರೆತ, ಇನ್ನೂರು ಮುನ್ನೂರು ವರ್ಷದಿಂದ ಆ ಸಿಪಾಯಿ ಎಡಚನಾಗಿ ನಿಂತವನೆ ನೋಡಿ ಅಂತ ನಗಿಸಿದ್ದರು. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಈಗ ಪಡಸಾಲೆಯ ವಿಚಾರಕ್ಕೆ ಬರುತ್ತೇನೆ.

ನಾಮಕರಣದ ದಿನ ಚಿತ್ರಕ್ಕೆ ಫ್ರೇಮು ಹಾಕಿ ನಿಮ್ಮ ಪಡಸಾಲೆಯ ಗೋಡೆಗೆ ಏರಿಸಿದ್ದರು. ನಿಮ್ಮ ಮಾವ ಬಂದವರಿಗೆಲ್ಲ ಕೈ ಹಿಡಿದು ತೋರಿಸುತ್ತಿದ್ದರು. ನನ್ನನ್ನು ಅದರ ಕೆಳಗೇ ಕುರ್ಚಿ ಹಾಕಿ ಕೂರಿಸಿದ್ದರು. ಎಲ್ಲರಿಗೂ ಕೊಟ್ಟ ಲೋಟದಲ್ಲೇ ನನಗೂ ಕಾಫಿ ಬಂತು. ನೀನು ಇದನ್ನೆಲ್ಲ ಗಮನಿಸುವವಳಲ್ಲ. ನಾನು ಗಮನಿಸುತ್ತೇನೆ. ನಮ್ಮಪ್ಪ ಮಹದೇವು ಮೇಷ್ಟ್ರು ಊರಿಗೆಲ್ಲ ಪಾಠ ಹೇಳಿದವರು, ಇಂಥ ಪಡಸಾಲೆಗಳಲ್ಲಿ ಜಗಲಿ ದಾಟಿದವರಲ್ಲ. ಆ ಕುರ್ಚಿಯಲ್ಲಿ ಕೂತಾಗ ನನ್ನ ಬೆನ್ನು ತಾನಾಗೇ ನೆಟ್ಟಗಾಗಿತ್ತು.

ಆಗ ನಿಮ್ಮ ಮಾವನವರ ಅಕ್ಕ, ಹಲಗೂರಿನ ಅತ್ತೆ, ಕನ್ನಡಕ ಏರಿಸಿಕೊಂಡು ಚಿತ್ರದ ಹತ್ತಿರ ಹೋದರು. "ಇದೇನ್ ನಿಂಗಯ್ಯ, ಕಾವೇರಮ್ಮ ಎಡಗೈಲಿ ಕೊಡ್ತಾವ್ಳೆ ಮಗೀನ?" ಅಂದರು. ನಿಮ್ಮ ಮಾವ ಚಿತ್ರ ನೋಡಿದರು, ನನ್ನ ನೋಡಿದರು. ಅವರ ಮುಖ ಇಳಿದುಹೋಗಿತ್ತು. ಎಡಗೈಲಿ ಎಲೆಅಡಿಕೆಯನ್ನೂ ಕೊಡಬಾರದು, ಅಂಥದ್ದರಲ್ಲಿ ಮನೆಯ ಮೊದಲ ಕೂಸನ್ನು. ಯಾರೋ ಹಿಂದಿನಿಂದ, "ಆ ಹೆಣ್ಣೇನೋ ತಪ್ಪು ಮಾಡ್ಯದೆ ಕಣ್ಲಾ" ಅಂದರು.

ತಪ್ಪಾಯಿತು ಅನ್ನುವ ಒಂದು ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದಿದ್ದರೆ ಎರಡು ನಿಮಿಷ ಮುಜುಗರ, ಇನ್ನೊಂದು ಕೊರೆದುಕೊಡುತ್ತೇನೆ ಅಂದರೆ ಮುಗಿದಿತ್ತು. ಆದರೆ ಆ ಕುರ್ಚಿಯಲ್ಲಿ ಕೂತು, ಆ ಜನರ ಎದುರಿಗೆ, ಕೇರಿಯ ಹುಡುಗಿ ಕೆಲಸ ಕೆಡಿಸಿದಳು ಅನ್ನಿಸಿಕೊಳ್ಳುವುದು ನನ್ನ ಕೈಲಾಗಲಿಲ್ಲ. ಇದನ್ನು ನೆಪ ಅಂತ ಹೇಳುತ್ತಿಲ್ಲ. ನಮ್ಮಪ್ಪ ನನಗಿಂತ ದೊಡ್ಡ ಅವಮಾನ ನುಂಗಿದವರು, ಒಂದು ದಿನವೂ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದವರಲ್ಲ. ನಾನು ಕಟ್ಟಿದೆ. "ತಪ್ಪಲ್ಲ ಅತ್ತೆ, ಕವಿತ ಎಡಚಿ ಅಲ್ವಾ, ಎಲ್ಲ ಎಡಗೈಲೇ ಅಲ್ವಾ ಮಾಡೋದು, ಅದಕ್ಕೇ ಇದ್ದಂಗೇ ಬಿಡಿಸಿದೆ" ಅಂದುಬಿಟ್ಟೆ.

ನೀನು ತೊಟ್ಟಿಲಿಗೆ ಹೂವಿನ ಸರ ಕಟ್ಟುತ್ತಿದ್ದೆ. ತಲೆ ಎತ್ತಿ ನನ್ನನ್ನು ಒಂದೇ ಸಲ ನೋಡಿದೆ. ಆಮೇಲೆ ನಿನ್ನ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ. ಬೈದಿದ್ದರೆ ಎಷ್ಟೋ ಸಲೀಸಾಗಿತ್ತು.

ಎಡಗೈ ಅಂದರೆ ನಿನಗೇನು ಅಂತ ಈ ಭೂಮಿಯ ಮೇಲೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಳವಳ್ಳಿ ಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ನಿನ್ನ ಎಡ ಮೊಣಕೈ ನನ್ನ ಬಲ ಮೊಣಕೈಗೆ ಹೊಡೆದು ಇಬ್ಬರ ಕಾಪಿಯಲ್ಲೂ ಗೆರೆ ಓಡುತ್ತಿತ್ತು. ನಿಮ್ಮವ್ವ ಬರೆ ಹಾಕುತ್ತೇನೆ ಅಂತ ಸೌಟು ಕಾಯಿಸಿದ್ದನ್ನು ನಾನೇ ನೋಡಿದ್ದೇನೆ. ಜಯಪ್ರಕಾಶ್ ಮನೆಯವರು ಹೆಣ್ಣು ನೋಡುವುದಕ್ಕೆ ಬರುತ್ತಾರೆ ಅಂತಾದಾಗ ಬಲಗೈಲಿ ಬಡಿಸುವುದನ್ನು ನೀನು ಕಲಿತದ್ದು ನಮ್ಮ ಮನೆಯಲ್ಲಿ. ನಿಮ್ಮ ನೆಂಟರು ಯಾರೂ ಕಾಲಿಡದ ಮನೆ, ಅದಕ್ಕೇ ಧೈರ್ಯ. ನಾನು ಬೀಗರ ಹಾಗೆ ಮೀಸೆ ತಿರುವಿಕೊಂಡು ಖಾಲಿ ತಟ್ಟೆಯ ಮುಂದೆ ಕೂರುತ್ತಿದ್ದೆ, ನೀನು ಸೌಟಿನಲ್ಲಿ ನೀರು ಬಡಿಸುತ್ತಿದ್ದೆ. ಅರ್ಧ ನೀರು ನನ್ನ ಮಡಿಲಿಗೇ. ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತಿತ್ತು. ಕೊನೆಯ ದಿನ ಒಂದು ಹನಿ ಚೆಲ್ಲದೆ ಬಡಿಸಿ ನೀನು ಅತ್ತುಬಿಟ್ಟೆ. ಅಷ್ಟು ಕಷ್ಟಪಟ್ಟು ಮುಚ್ಚಿಕೊಂಡದ್ದನ್ನು ನಾನು ಒಂದು ಕಾಫಿ ಲೋಟದ ಮಾನಕ್ಕೆ ಮಾರಿದೆ.

ಮೊನ್ನೆ ಶುಕ್ರವಾರ ನಿಮ್ಮತ್ತೆ ದೇವಿರಮ್ಮನವರು ನನ್ನ ಅಂಗಡಿಗೆ ಬಂದಿದ್ದರು. ನಿನಗೆ ಗೊತ್ತಿರಲಾರದು, ಮನೆಯಲ್ಲಿ ಮದ್ದೂರಿನಲ್ಲಿ ಯಾರನ್ನೋ ಮಾತಾಡಿಸಿಕೊಂಡು ಬರುತ್ತೇನೆ ಅಂತ ಹೇಳಿ ಬಂದಿದ್ದರಂತೆ. ಬಸ್ಸಿಳಿದು ಸೀದಾ ಬಂದು ಸ್ಟೂಲಿನ ಮೇಲೆ ಕೂತು, ಟವೆಲ್ಲಿನಲ್ಲಿ ಸುತ್ತಿದ್ದ ಚಿತ್ರವನ್ನು ತೆಗೆದು ಮೇಜಿನ ಮೇಲಿಟ್ಟರು. "ಕೈ ತಿದ್ದಿಕೊಡು" ಅಂದರು. ನೀರು ಕೊಟ್ಟೆ, ಕುಡಿದರು. ಬೈಯಲಿಲ್ಲ.

ಕೊರೆದ ಹಲಗೆಯನ್ನು ತಿದ್ದುವುದಕ್ಕೆ ಆಗುವುದಿಲ್ಲ, ಆದರೆ ಒಂದು ಉಪಾಯ ಇದೆ ಅಂದೆ. ಹಲಗೆಗೆ ಮಸಿ ಉರುಳಿಸಿ ಹೊಸದಾಗಿ ಒಂದು ಅಚ್ಚು ತೆಗೆದೆ. ಆ ಮಸಿ ಹಸಿಯಾಗಿದ್ದಾಗಲೇ ಅದರ ಮೇಲೆ ಇನ್ನೊಂದು ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿದೆ. ಹಾಗೆ ಮಾಡಿದರೆ ಚಿತ್ರ ಇನ್ನೊಮ್ಮೆ ಮಗುಚಿಕೊಳ್ಳುತ್ತದೆ, ಎಡಗೈ ಬಲಗೈಯಾಗುತ್ತದೆ. ಉಜ್ಜುತ್ತಾ ಉಜ್ಜುತ್ತಾ ಅವರ ಮುಖ ನೋಡದೆ ಹೇಳಿದೆ. ತಪ್ಪು ನನ್ನದು, ಉಲ್ಟಾ ಮಾಡುವುದನ್ನು ಮರೆತೆ, ಮಾನ ಉಳಿಸಿಕೊಳ್ಳೋಣ ಅಂತ ಕವಿತಳ ಮೇಲೆ ಹಾಕಿದೆ, ಅವಳು ಎಡಚಿ ಅಲ್ಲವೇ ಅಲ್ಲ ಅಂತ. ಕೊನೆಯದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು. ಇಷ್ಟಾದರೂ ಮಾಡೋಣ, ಮಗುವಿನ ಕೈಯ ಚೀಲವಾದರೂ ಬಿಚ್ಚಲಿ ಅನ್ನಿಸಿತು.

ಕಾಗದ ಎತ್ತಿ ಅವರ ಮುಂದೆ ಹಿಡಿದೆ. ಮಸಿ ಸ್ವಲ್ಪ ತೆಳುವಾಗಿತ್ತು, ಆದರೆ ಕಾವೇರಮ್ಮ ಬಲಗೈಲಿ ಮಗುವನ್ನು ಕೊಡುತ್ತಿದ್ದಳು. ನಿಮ್ಮತ್ತೆ ಕನ್ನಡಕ ಹಾಕಿಕೊಂಡು ಅದನ್ನೂ ಇದನ್ನೂ ನೋಡಿದರು. ಆಮೇಲೆ ಹೊಸ ಚಿತ್ರದ ಕೆನ್ನೆಯ ಮೇಲೆ ಬೆರಳಿಟ್ಟರು. "ಕೈಯೇನೋ ಸರಿಯಾಯ್ತು ಕಣಮ್ಮ. ಆದ್ರೆ ಇವ್ಳು ನಮ್ ಕವಿತ ಅಲ್ಲ. ನಮ್ ಕವಿತನ್ಗೆ ಮಚ್ಚೆ ಆ ಕಡೆ ಕೆನ್ನೇಲಿ ಅದೆ" ಅಂದರು. ನಿಜ. ನಿನ್ನ ಮಚ್ಚೆ ಎಡಗೆನ್ನೆಯಲ್ಲಿ. ಹಳೆಯ ಚಿತ್ರದಲ್ಲಿ ಸರಿಯಾಗಿ ಬಂದದ್ದು ಈಗ ಬಲಗೆನ್ನೆಗೆ ಹೋಗಿತ್ತು. ಅಷ್ಟು ಸೂಕ್ಷ್ಮವಾಗಿ ಅವರು ನಿನ್ನ ಮುಖ ನೋಡಿಟ್ಟುಕೊಂಡಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ.

ಇನ್ನು ಕೆಮ್ಮಿನ ವಿಚಾರ. ನಿಮ್ಮತ್ತೆಗೆ ಮೂರು ಹೊತ್ತೂ ಕೆಮ್ಮು, ಅಡುಗೆಮನೆ ಹತ್ತಿರ ಬಂದರೆ ಜಾಸ್ತಿ, ಒಗ್ಗರಣೆ ಹೊಗೆಯೋ ಏನೋ, ಮಂಡ್ಯದಲ್ಲಿ ಡಾಕ್ಟರಿಗೆ ತೋರಿಸಬೇಕು ಅಂತ ನೀನು ಎಷ್ಟು ಸಲ ಅಂದಿಲ್ಲ? ನನ್ನ ಅಂಗಡಿಯಲ್ಲಿ ಮಸಿಯ ವಾಸನೆ, ಸೀಮೆಎಣ್ಣೆಯ ವಾಸನೆ. ಅಷ್ಟು ಹೊತ್ತು ಕೂತಿದ್ದರೂ ಅವರು ಒಂದು ಸಲ ಕೆಮ್ಮಲಿಲ್ಲ.

ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆಯುತ್ತೇನೆ. "ಎಡಚಿ ಅಲ್ಲ ಅಂತ ನಂಗೇ ಏಳ್ತೀಯಾ? ಮದ್ವೆಯಾದ ಮೊದಲ್ನೇ ಹಬ್ಬದಲ್ಲೇ ಕಂಡಿವ್ನಿ. ನಾನು ಇತ್ಲು ಬಾಗ್ಲಿಂದ ಬರೋದ ನೋಡಿ ಸೌಟ ಈ ಕೈಯಿಂದ ಆ ಕೈಗೆ ಹಾಕ್ಕಂಡ್ಲು, ಸಾರು ಕಾಲ್ ಮ್ಯಾಲೆ ಚೆಲ್ಲಿಕಂಡ್ಲು. ಸುಟ್ಟ್ರೂ ಕಮಕ್ ಕಿಮಕ್ ಅನ್ನಲಿಲ್ಲ. ಅವತ್ತಿಂದ ಅಡುಗೆಮನೆಗೆ ಓಗೋವಾಗ ಕೆಮ್ಮಿಕಂಡೇ ಓಯ್ತೀನಿ. ಪಾಪ, ಕೈ ಬದಲಾಯ್ಸಿಕಳ್ಳೋಕೆ ಒಸಿ ಟೈಮ್ ಬ್ಯಾಡ್ವಾ?"

ನಾನು ಅತ್ತದ್ದು ನನಗೇ ಗೊತ್ತಾಗಲಿಲ್ಲ. ಮಸಿಯ ಕೈಯಲ್ಲೇ ಮುಖ ಒರೆಸಿಕೊಂಡೆ ಅಂತ ಕಾಣುತ್ತೆ, ಅವರು ತಮ್ಮ ಟವೆಲ್ಲು ಕೊಟ್ಟರು.

ಹಾಗಾದರೆ ಮಗುವಿನ ಕೈಗೆ ಯಾಕೆ ಕಟ್ಟಿದಿರಿ ಅಂತ ಕೇಳಿದೆ. ಆಗ ಅವರಿಗೆ ಸಿಟ್ಟು ಬಂತು. "ಗೊತ್ತಿದ್ದೂ ಗೊತ್ತಿಲ್ದಂಗೆ ಸಂಸಾರ ಮಾಡ್ತಿದ್ದೊ. ನೀನು ಪಡಸಾಲೇಲಿ ಅಂದ್ಬುಟ್ಟೆ. ಅಂದ್ಮ್ಯಾಲೆ ನಾನು ಸುಮ್ಕಿದ್ರೆ ಅಲಗೂರಿನ ನಮ್ ನಾದ್ನಿ ಬುಟ್ಟಾಳಾ? ಕೂಸಿಗೂ ಬಂದ್ಬುಟ್ಟದು, ಕೈ ಕಟ್ಟು ಅಂತ ಮುಂದೇನೇ ಕುಂತವ್ಳೆ, ಮನೆಗೂ ಓಗಿಲ್ಲ. ಸಡಿಲವಾಗೇ ಕಟ್ತೀನಿ ಕಣವ್ವ. ಕೂಸು ಕಿತ್ತಾಕ್ತದೆ. ಅವ್ಳು ನೋಡ್ತಾಳೆ, ಮತ್ತೆ ಕಟ್ತೀನಿ" ಅಂದರು. ಇಷ್ಟು ವರ್ಷ ನಿಮ್ಮಿಬ್ಬರ ನಡುವೆ ಒಂದು ಕೆಮ್ಮು ಸಾಕಾಗಿತ್ತು. ಅದನ್ನು ನಾನು ಕೆಡಿಸಿದೆ.

ಹೊರಡುವಾಗ ಅವರು ಎಡಗೈಯ ಕಾವೇರಮ್ಮನನ್ನೇ ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡರು. ಬಲಗೈಯವಳನ್ನು ನನ್ನ ಕಡೆ ತಳ್ಳಿ, "ಇವ್ಳು ನಿನ್ನತ್ರನೇ ಇರ್ಲಿ" ಅಂದರು. ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದರು. ಅಲ್ಲಿ ಅಂದದ್ದನ್ನು ಅಲ್ಲೇ ಬಂದು ಇಲ್ಲ ಅನ್ನಬೇಕು, ಇಲ್ಲಿ ಅತ್ತರೆ ಆಗುವುದಿಲ್ಲ ಅಂತ. ಶಿವರಾತ್ರಿಗೆ ಹಲಗೂರಿನ ಅತ್ತೆ ಇರುತ್ತಾರೆ, ನೆಂಟರೆಲ್ಲ ಇರುತ್ತಾರೆ, ಅದೇ ಪಡಸಾಲೆಗೆ ಬಾ ಅಂದರು.

ಬರುತ್ತೇನೆ ಕವಿತ. ಅದೇ ಕುರ್ಚಿಯ ಪಕ್ಕದಲ್ಲಿ ನಿಂತು ತಪ್ಪು ನನ್ನದು, ಕೆಲಸ ಬಾರದೆ ಕೈ ಉಲ್ಟಾ ಮಾಡಿದೆ, ಸುಳ್ಳು ಹೇಳಿದೆ ಅನ್ನುತ್ತೇನೆ. ಕೇರಿಯ ಹುಡುಗಿ ಕೆಡಿಸಿದಳು ಅಂದರೆ ಅನ್ನಲಿ. ನಮ್ಮಪ್ಪನಿಗೂ ಹೇಳಿದ್ದೇನೆ, ಅವರೂ ನನ್ನ ಜೊತೆ ಬರುತ್ತಾರಂತೆ. ಆದರೆ ಒಂದು ಮಾತು. ನಿನ್ನ ಕೈ ಮತ್ತೆ ಮುಚ್ಚಿಕೊಳ್ಳುವುದು ನಿನಗೆ ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಹೋದ ಸಲ ನಿನ್ನ ವಿಚಾರವನ್ನು ನಿನ್ನನ್ನು ಕೇಳದೆ ಹೇಳಿದೆ. ಈ ಸಲ ಕೇಳುತ್ತಿದ್ದೇನೆ. ಬಾ ಅಂದರೆ ಬಂದು ಹೇಳುತ್ತೇನೆ. ಬೇಡ, ನಾನೇ ಎಲ್ಲರ ಮುಂದೆ ಎಡಗೈಲಿ ಬಡಿಸುತ್ತೇನೆ ಅಂದರೆ ತಟ್ಟೆಯ ಮುಂದೆ ಮೊದಲು ಕೂರುವವಳು ನಾನು. ರಂಜಿತಳ ಕೈಲಿ ಒಂದು ಸಾಲು ಬರೆದು ಕಳಿಸು, ಸಾಕು.

ಗಗನಳ ಎರಡೂ ಕೈಗೆ ನನ್ನ ಮುತ್ತು. ತೆಗೆದುಕೊಳ್ಳದಿದ್ದರೂ ಸರಿ.

ನಿನ್ನ ಬೆಂಚಿನ
ಅರುಂಧತಿ

ತಾ.ಕ.: ಕಾಗದ ಮಡಿಸಿ ಅಂಟಿಸುವುದಕ್ಕೆ ಹೊರಟವಳು ಮತ್ತೆ ಬಿಚ್ಚಿದೆ. ಮೇಲೆ ಮರೆತೆ ಅಂತ ಬರೆದಿದ್ದೇನೆ. ನಿಮ್ಮತ್ತೆಗೂ ಹಾಗೇ ಹೇಳಿದೆ, ಪಡಸಾಲೆಯಲ್ಲೂ ಹಾಗೇ ಹೇಳುತ್ತೇನೆ. ನಿನಗೆ ಮಾತ್ರ ಹಾಗೆ ಹೇಳುವುದಕ್ಕೆ ಆಗುತ್ತಿಲ್ಲ. ಕೊರೆಯುವಾಗ ಮರೆತದ್ದು ನಿಜ. ಆದರೆ ನಾಮಕರಣಕ್ಕೆ ಇನ್ನೂ ದಿನ ಇರುವಾಗಲೇ ಅಂಗಡಿಯಲ್ಲಿ ಮೊದಲ ಕಾಗದ ಎತ್ತಿದೆ, ಎಡಗೈ ಕಂಡಿತು. ಫೋಟೊದ ಜೊತೆ ನೀನು ಕಳಿಸಿದ್ದ ಮೆಸೇಜೂ ನೆನಪಿತ್ತು: "ಕೈ ಮಾತ್ರ ಬಲಗೈನೇ ಇರ್ಲಿ ಕಣೇ, ಮರೀಬೇಡ." ಹೊಸ ಹಲಗೆ ತೆಗೆದು ಮೇಜಿನ ಮೇಲೆ ಇಟ್ಟುಕೊಂಡೆ. ಮತ್ತೆ ಆ ಚಿತ್ರ ನೋಡಿದೆ. ನಾನು ಇಲ್ಲಿಯವರೆಗೆ ಕೊರೆದ ಒಂದು ಮುಖವೂ ಹಾಗೆ ಬಂದಿರಲಿಲ್ಲ. ನೀನೇ ಎದ್ದು ಬಂದ ಹಾಗಿದ್ದೆ. ಯಾರು ಕೈ ನೋಡುತ್ತಾರೆ ಅಂದುಕೊಂಡು ಹಲಗೆಯನ್ನು ಮತ್ತೆ ಕಪಾಟಿಗೆ ಇಟ್ಟೆ. ಆ ಎಡಚ ಸಿಪಾಯಿಯನ್ನು ಕೊರೆದವನೂ ಮರೆತಿರಲಾರ, ನೋಡಿಯೇ ಬಿಟ್ಟಿರಬೇಕು ಅಂತ ಈಗ ಅನ್ನಿಸುತ್ತದೆ. ಅಚ್ಚು ಅಷ್ಟು ಚೆನ್ನಾಗಿ ಬಂದಿತ್ತು, ಕವಿತ.